ಕರುಳಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ: ಚೇತರಿಕೆ ಮತ್ತು ತೊಡಕುಗಳನ್ನು ನಿಭಾಯಿಸುವ ಬಗೆ

ದೊಡ್ಡ ಕರುಳಿನ ಅಥವಾ ಗುದನಾಳದ ಕ್ಯಾನ್ಸರ್‌ಗೆ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದವರನ್ನೂ ಅವರನ್ನು ನೋಡಿಕೊಳ್ಳುವವರನ್ನೂ ಒಂದೇ ಅನುಮಾನ ಕಾಡುತ್ತದೆ: ಈಗ ಆಗುತ್ತಿರುವುದು ಸಹಜವೋ, ಅಪಾಯವೋ? ಹೊಟ್ಟೆ ನೋಯುತ್ತಿದೆ; ಕೊಯ್ದ ಮೇಲೆ ನೋಯದೆ ಇರುತ್ತದೆಯೇ. ಊಟ ಸೇರುತ್ತಿಲ್ಲ, ಇಷ್ಟು ದೊಡ್ಡ ಆಪರೇಷನ್ ಆಗಿರುವಾಗ ಹೇಗೆ ಸೇರೀತು. ಹೀಗೆ ಸಮಾಧಾನ ಹೇಳಿಕೊಳ್ಳುತ್ತಲೇ ಕೆಲವರು ಬಹಳ ಮುಖ್ಯವಾದ ಒಂದೆರಡು ದಿನಗಳನ್ನು ಕಳೆದುಬಿಡುತ್ತಾರೆ. ಇನ್ನು ಕೆಲವರು ಸಣ್ಣ ಸೆಳೆತಕ್ಕೂ ಬೆಚ್ಚಿಬಿದ್ದು ನಿದ್ದೆಗೆಡುತ್ತಾರೆ.

ಇಬ್ಬರಿಗೂ ಉಪಯೋಗಕ್ಕೆ ಬರುವ ಒಂದು ಅಳತೆಗೋಲಿದೆ. ಇವತ್ತಿನ ಸ್ಥಿತಿಯನ್ನು ಕಾಯಿಲೆಗೆ ಮುಂಚಿನ ದಿನಗಳ ಜೊತೆ ಹೋಲಿಸಬೇಡಿ, ಮೊನ್ನೆಯ ಜೊತೆ ಹೋಲಿಸಿ. ನಿನ್ನೆಗೂ ಇವತ್ತಿಗೂ ಏರುಪೇರು ಇದ್ದೇ ಇರುತ್ತದೆ, ಅದಕ್ಕೆ ಅಂಜಬೇಕಿಲ್ಲ. ಆದರೆ ಎರಡು ಮೂರು ದಿನಗಳ ಲೆಕ್ಕದಲ್ಲಿ ನೋವು ತಗ್ಗುತ್ತಾ, ನಡಿಗೆ ಹೆಚ್ಚುತ್ತಾ, ಊಟ ಸ್ವಲ್ಪ ಸ್ವಲ್ಪವೇ ಸೇರುತ್ತಾ ಹೋಗಬೇಕು. ಸುಧಾರಿಸುತ್ತಿದ್ದ ದೇಹ ತಿರುಗಿ ಇಳಿಮುಖವಾದರೆ ಆಸ್ಪತ್ರೆಗೆ ಫೋನ್ ಮಾಡಬೇಕು. ಈ ಲೇಖನದಲ್ಲಿ ಮುಂದೆ ಬರುವ ಹೆಚ್ಚಿನ ಮಾತುಗಳು ಈ ಒಂದು ನಿಯಮದ ವಿವರಣೆಯೇ.

1. ಮನೆಗೆ ಹೊರಡುವ ಮುನ್ನ ಕೇಳಿ ಬರೆದುಕೊಳ್ಳಬೇಕಾದದ್ದು

ದೊಡ್ಡ ಕರುಳಿನ ಬಲಭಾಗವನ್ನು ತೆಗೆಸಿಕೊಂಡವರ ಚೇತರಿಕೆಗೂ ಗುದನಾಳವನ್ನು ತೆಗೆಸಿಕೊಂಡವರ ಚೇತರಿಕೆಗೂ ಬಹಳ ಅಂತರವಿದೆ. ಪಕ್ಕದ ಹಾಸಿಗೆಯವರ ಅನುಭವ ನಿಮಗೆ ಹೊಂದದಿರಬಹುದು. ಆದ್ದರಿಂದ ನಿಮಗೆ ನಿಖರವಾಗಿ ಏನು ಮಾಡಿದ್ದಾರೆ ಎಂಬುದನ್ನು ಸರ್ಜನ್‌ರ ಬಾಯಿಂದಲೇ ಕೇಳಿ. ಕರುಳಿನ ಯಾವ ಭಾಗ ತೆಗೆದಿದ್ದಾರೆ? ಉಳಿದ ತುದಿಗಳನ್ನು ಜೋಡಿಸಿದ್ದಾರೆಯೇ? ಜೋಡಿಸಿದ್ದರೆ ಆ ಜೋಡಣೆ ಗುದದ್ವಾರದಿಂದ ಎಷ್ಟು ಮೇಲಿದೆ? ಸ್ಟೋಮಾ (ಮಲ ಚೀಲಕ್ಕೆ ಬೀಳುವಂತೆ ಕರುಳನ್ನು ಹೊಟ್ಟೆಯ ಮೇಲೆ ತಂದು ಮಾಡಿದ ಬಾಯಿ) ಇದ್ದರೆ ಅದು ಸಣ್ಣ ಕರುಳಿನದೋ ದೊಡ್ಡ ಕರುಳಿನದೋ, ತಾತ್ಕಾಲಿಕವೋ ಶಾಶ್ವತವೋ? ರಂಧ್ರಗಳ ಮೂಲಕ ಲ್ಯಾಪರೋಸ್ಕೋಪಿಯಲ್ಲಿ ಮಾಡಿದ್ದೋ, ಹೊಟ್ಟೆ ತೆರೆದು ಮಾಡಿದ್ದೋ? ರಾತ್ರಿ ಹೊತ್ತು ತೊಂದರೆಯಾದರೆ ಯಾವ ನಂಬರಿಗೆ ಕರೆ ಮಾಡಬೇಕು?

ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಆ ನಂಬರನ್ನು ಮನೆಯವರೆಲ್ಲರ ಮೊಬೈಲಿನಲ್ಲಿ ಹಾಕಿಡಿ. ಡಿಸ್ಚಾರ್ಜ್ ಪತ್ರದ ಫೋಟೊ ಕೂಡ ಮೊಬೈಲಿನಲ್ಲಿರಲಿ. ಬೇರೆ ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಅಲ್ಲಿನ ವೈದ್ಯರಿಗೆ ಮೊದಲು ಬೇಕಾಗುವುದೇ ಅದು.

ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ. ದಿನಕ್ಕೆರಡು ಸಲ ಜ್ವರ ಮತ್ತು ನಾಡಿ, ಹತ್ತಕ್ಕೆ ಎಷ್ಟು ನೋವು, ಏನು ತಿಂದಿರಿ, ಗಾಳಿ ಅಥವಾ ಮಲ ಹೋಯಿತೇ, ಮೂತ್ರದ ಬಣ್ಣ ಹೇಗಿದೆ, ಇಷ್ಟು ಬರೆದರೆ ಸಾಕು. ವಾರಕ್ಕೊಮ್ಮೆ ತೂಕ ನೋಡಿ. 'ಯಾಕೋ ಸರಿಯಿಲ್ಲ ಡಾಕ್ಟರ್' ಎನ್ನುವುದಕ್ಕಿಂತ 'ನಿನ್ನೆ ನಾಡಿ 84 ಇತ್ತು, ಇವತ್ತು ಮಲಗಿದ್ದಾಗಲೇ 112 ಇದೆ' ಎಂಬ ಮಾತು ವೈದ್ಯರನ್ನು ಬೇಗ ಎಬ್ಬಿಸುತ್ತದೆ.

2. ಆಸ್ಪತ್ರೆಯಲ್ಲಿನ ಮೊದಲ ದಿನಗಳು: ಏಳಿ, ನಡೆಯಿರಿ, ಉಸಿರೆಳೆಯಿರಿ

ಹಿಂದೆಲ್ಲ ಕರುಳಿನ ಆಪರೇಷನ್ ಆದವರನ್ನು ದಿನಗಟ್ಟಲೆ ಮಲಗಿಸಿ, ಬಾಯಿಗೆ ಹನಿ ನೀರೂ ಕೊಡದೆ ಇಡುತ್ತಿದ್ದರು. 1990ರ ದಶಕದಲ್ಲಿ ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ ಈ ಪದ್ಧತಿಯನ್ನು ಪ್ರಶ್ನಿಸಿದರು. ಬೇಗ ನಡೆಸುವುದು, ಬೇಗ ಉಣಿಸುವುದು, ನಳಿಕೆಗಳನ್ನು ಬೇಗ ತೆಗೆಯುವುದು, ಅಫೀಮು ಗುಂಪಿನ ನೋವುನಿವಾರಕಗಳನ್ನು ಆದಷ್ಟು ಕಡಿಮೆ ಬಳಸುವುದು, ಇವೆಲ್ಲ ಸೇರಿದರೆ ರೋಗಿ ಬೇಗ ಚೇತರಿಸಿಕೊಳ್ಳುತ್ತಾರೆ ಎಂದು ತೋರಿಸಿದರು. ಇವತ್ತು ಬಹಳಷ್ಟು ಆಸ್ಪತ್ರೆಗಳು ಇದೇ ದಾರಿ ಹಿಡಿದಿವೆ. ಹಾಗಾಗಿ ಆಪರೇಷನ್ ಆದ ದಿನ ಸಂಜೆಯೋ ಮರುದಿನ ಬೆಳಿಗ್ಗೆಯೋ ನರ್ಸ್ ಬಂದು ಎದ್ದು ಕೂರಿಸಿದರೆ ಅದನ್ನು ನಿರ್ದಯೆ ಎಂದುಕೊಳ್ಳಬೇಡಿ.

ಏಳುವಾಗ ನೇರವಾಗಿ ಬೆನ್ನೆತ್ತಬೇಡಿ. ಒಂದು ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಕೆಳಗಿಳಿಸಿ, ಕೈಯೂರಿ ಏಳಿ. ಕೆಮ್ಮುವಾಗ ಒಂದು ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಳ್ಳಿ. ಎಚ್ಚರವಾಗಿರುವಾಗ ಗಂಟೆಗೊಮ್ಮೆ ಹತ್ತು ಸಲ ಆಳವಾಗಿ ಉಸಿರೆಳೆದು, ಕ್ಷಣ ಹಿಡಿದು, ಬಿಡಿ. ನೋವಿಗೆ ಹೆದರಿ ಕೆಮ್ಮದೆ, ಆಳವಾಗಿ ಉಸಿರಾಡದೆ ಇರುವವರಿಗೇ ಕಫ ಕಟ್ಟಿ ನ್ಯುಮೋನಿಯಾ ಆಗುವ ಸಂಭವ ಹೆಚ್ಚು. ಆದ್ದರಿಂದ ನೋವಿನ ಮಾತ್ರೆಯನ್ನು ಹೇಳಿದ ಹೊತ್ತಿಗೆ ತೆಗೆದುಕೊಳ್ಳಿ, ಹಲ್ಲು ಕಚ್ಚಿ ಸಹಿಸಬೇಡಿ. ಆದರೆ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ಮಾತ್ರೆಗಳನ್ನು ಮನೆಯಲ್ಲಿ ನೀವಾಗಿಯೇ ನುಂಗಬೇಡಿ. ಮೂತ್ರಪಿಂಡಕ್ಕೂ ಕರುಳಿನ ಜೋಡಣೆಗೂ ಅವು ತೊಂದರೆ ಮಾಡಬಹುದು ಎಂಬ ಕಾರಣಕ್ಕೆ ಸರ್ಜನ್‌ರು ಅವುಗಳ ವಿಚಾರದಲ್ಲಿ ಎಚ್ಚರದಿಂದಿರುತ್ತಾರೆ.

ಕರುಳು 'ಎಚ್ಚರಗೊಳ್ಳಲು' ಸಮಯ ಬೇಕು. ಮುಟ್ಟಿ ಕೊಯ್ದ ಕರುಳು ಕೆಲಕಾಲ ಚಲನೆ ನಿಲ್ಲಿಸುತ್ತದೆ. ಸಣ್ಣ ಕರುಳು ಒಂದು ದಿನದೊಳಗೆ ಕೆಲಸ ಶುರುಮಾಡಿದರೆ, ದೊಡ್ಡ ಕರುಳು ಎರಡು ಮೂರು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ತೆಗೆದುಕೊಳ್ಳುತ್ತದೆ. ಗಾಳಿ ಹೋಗುವುದು ಅದು ಎದ್ದದ್ದರ ಸೂಚನೆ. ಬಹಳ ಜನ ಇದನ್ನು ನರ್ಸ್ ಎದುರು ಹೇಳಲು ಸಂಕೋಚಪಡುತ್ತಾರೆ. ದಯವಿಟ್ಟು ಹೇಳಿ, ಇಡೀ ವಾರ್ಡ್ ಆ ಸುದ್ದಿಗಾಗಿಯೇ ಕಾಯುತ್ತಿರುತ್ತದೆ. ನಾಲ್ಕೈದು ದಿನವಾದರೂ ಗಾಳಿ ಹೋಗದೆ, ಹೊಟ್ಟೆ ಉಬ್ಬಿ, ಬಿಕ್ಕಳಿಕೆ ಮತ್ತು ಹಸಿರು ವಾಂತಿ ಬಂದರೆ ಕರುಳು ಇನ್ನೂ ಸ್ತಬ್ಧವಾಗಿದೆ ಎಂದರ್ಥ. ಆಗ ಬಲವಂತವಾಗಿ ತಿನ್ನಬಾರದು. ಮೂಗಿನ ಮೂಲಕ ನಳಿಕೆ ಹಾಕಿ ಹೊಟ್ಟೆಯನ್ನು ಖಾಲಿ ಮಾಡುತ್ತಾರೆ, ರಕ್ತದಲ್ಲಿನ ಪೊಟ್ಯಾಷಿಯಂ ಸರಿಪಡಿಸುತ್ತಾರೆ, ಕಾಯುತ್ತಾರೆ. ಹೆಚ್ಚಿನವರಿಗೆ ಇದು ತಾನಾಗಿ ಸರಿಹೋಗುತ್ತದೆ. ನಡಿಗೆಯೂ ದಿನಕ್ಕೆ ಮೂರು ನಾಲ್ಕು ಸಲ ಚ್ಯೂಯಿಂಗ್ ಗಮ್ ಜಗಿಯುವುದೂ ಸ್ವಲ್ಪ ನೆರವಾಗಬಹುದು. ವೈದ್ಯರನ್ನು ಕೇಳಿ ಮಾಡಿ.

3. ಜೋಡಣೆ ಸೋರಿಕೆ: ಎಲ್ಲಕ್ಕಿಂತ ಮೊದಲು ಗುರುತಿಸಬೇಕಾದ ತೊಡಕು

ಕರುಳಿನ ಎರಡು ತುದಿಗಳನ್ನು ಸೇರಿಸಿದ ಜಾಗ ಗುಣವಾಗದೆ ಬಿರಿದು, ಒಳಗಿನದು ಹೊಟ್ಟೆಯೊಳಕ್ಕೆ ಸೋರುವುದು ಈ ಆಪರೇಷನ್ನಿನ ಅತ್ಯಂತ ಗಂಭೀರ ತೊಡಕು. ಎಲ್ಲರಿಗೂ ಆಗುವುದಿಲ್ಲ, ಹೆಚ್ಚಿನವರಿಗೆ ಆಗುವುದಿಲ್ಲ. ಗುದದ್ವಾರಕ್ಕೆ ಹತ್ತಿರದ ಜೋಡಣೆಗಳಲ್ಲಿ, ಧೂಮಪಾನಿಗಳಲ್ಲಿ, ಪೌಷ್ಟಿಕತೆ ಕುಗ್ಗಿದವರಲ್ಲಿ, ಮೊದಲೇ ರೇಡಿಯೇಷನ್ ಪಡೆದವರಲ್ಲಿ ಸಂಭವ ಹೆಚ್ಚು. ಸಾಮಾನ್ಯವಾಗಿ ಮೊದಲ ವಾರದಲ್ಲಿ, ಮೂರನೆಯ ದಿನದ ನಂತರ ಕಾಣಿಸಿಕೊಳ್ಳುತ್ತದೆ. ಆದರೆ ಮನೆಗೆ ಹೋದ ಮೇಲೆ, ಎರಡನೆಯ ಮೂರನೆಯ ವಾರದಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಇಂದು ಡಿಸ್ಚಾರ್ಜ್ ಬೇಗ ಆಗುವುದರಿಂದ ಇದನ್ನು ಮೊದಲು ಗಮನಿಸುವವರು ಮನೆಯವರೇ ಆಗಿರಬಹುದು.

ಅದು ಯಾವಾಗಲೂ ಅಬ್ಬರಿಸಿಕೊಂಡು ಬರುವುದಿಲ್ಲ. ಚೆನ್ನಾಗಿ ನಡೆದಾಡುತ್ತಿದ್ದವರು ಒಂದು ಬೆಳಿಗ್ಗೆ ಹಾಸಿಗೆ ಬಿಟ್ಟೇಳಲು ಒಲ್ಲೆ ಎನ್ನುತ್ತಾರೆ. ನಾಡಿ ಓಡುತ್ತಿರುತ್ತದೆ, ಜ್ವರ ಇರಲೂಬಹುದು, ಇಲ್ಲದಿರಲೂಬಹುದು. ಮಾತ್ರೆಗೆ ತಗ್ಗುತ್ತಿದ್ದ ನೋವು ತಗ್ಗುವುದಿಲ್ಲ. ಹೊಟ್ಟೆ ಬಿಗಿಯುತ್ತದೆ. ತಿನ್ನುತ್ತಿದ್ದವರು ತಟ್ಟೆ ಸರಿಸುತ್ತಾರೆ. ವಯಸ್ಸಾದವರು ಗೊಂದಲಕ್ಕೊಳಗಾಗಿ ಏನೇನೋ ಮಾತನಾಡಬಹುದು. ಗುದನಾಳದ ಆಪರೇಷನ್ ಆದವರಲ್ಲಿ ಕೆಳಬೆನ್ನಿನ ನೋವು, ಮತ್ತೆ ಮತ್ತೆ ಶೌಚಕ್ಕೆ ಹೋಗಬೇಕೆನಿಸುವುದು, ಗುದದ್ವಾರದಿಂದ ಕೀವು ಬರುವುದು ಸೋರಿಕೆಯ ಸೂಚನೆಯಾಗಿರಬಹುದು. ಲ್ಯಾಪರೋಸ್ಕೋಪಿ ಆದ ಮೊದಲ ಒಂದೆರಡು ದಿನ ಭುಜ ನೋಯುವುದು ಹೊಟ್ಟೆಗೆ ತುಂಬಿದ ಗಾಳಿಯಿಂದ, ಅದಕ್ಕೆ ಭಯ ಬೇಡ. ಆದರೆ ಒಮ್ಮೆ ಹೋಗಿದ್ದ ಭುಜದ ನೋವು ಐದಾರು ದಿನದ ಮೇಲೆ ಹೊಸದಾಗಿ ಬಂದರೆ ಉಪೇಕ್ಷಿಸಬೇಡಿ.

ವೈದ್ಯರು ರಕ್ತದಲ್ಲಿ ಸಿಆರ್‌ಪಿ ಎಂಬ ಉರಿಯೂತದ ಅಂಶವನ್ನು ನೋಡುತ್ತಾರೆ. ಆಪರೇಷನ್ ಆದ ಎರಡನೆಯ ದಿನ ಅದು ಏರಿರುವುದು ಸಹಜ, ಆಮೇಲೆ ಇಳಿಯಬೇಕು. ಮೂರರಿಂದ ಐದನೆಯ ದಿನದಲ್ಲಿ ಲೀಟರಿಗೆ 150 ಮಿಲಿಗ್ರಾಂಗಿಂತ ಮೇಲೆಯೇ ಇದ್ದರೆ ಅಥವಾ ಮತ್ತೆ ಏರಿದರೆ ಸಾಮಾನ್ಯವಾಗಿ ಸಿಟಿ ಸ್ಕ್ಯಾನಿನತ್ತ ಹೋಗುತ್ತಾರೆ. ಇಲ್ಲಿಯೂ ಒಂದು ದಿನದ ಸಂಖ್ಯೆಗಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ಹೆಚ್ಚು ಹೇಳುತ್ತದೆ.

ಸಣ್ಣ ಸೋರಿಕೆಗೆ ಆ್ಯಂಟಿಬಯೋಟಿಕ್ ಸಾಕಾಗಬಹುದು. ಕೀವು ಒಂದೆಡೆ ಕೂಡಿದ್ದರೆ ಸ್ಕ್ಯಾನ್ ನೋಡುತ್ತಾ ಚರ್ಮದ ಮೂಲಕ ನಳಿಕೆ ಇಳಿಸಿ ಹೊರತೆಗೆಯುತ್ತಾರೆ. ದೊಡ್ಡದಾಗಿದ್ದರೆ ಮತ್ತೆ ಆಪರೇಷನ್, ಬಹುಪಾಲು ಸ್ಟೋಮಾ ಬೇಕಾಗುತ್ತದೆ. ಎರಡನೆಯ ಆಪರೇಷನ್ ಎಂದೊಡನೆ ಮನೆಯವರ ಎದೆ ಒಡೆಯುತ್ತದೆ. 'ನಾವೇನು ತಪ್ಪು ತಿನ್ನಿಸಿದೆವು' ಎಂದು ಕೊರಗುವವರಿದ್ದಾರೆ. ಹಾಗೆ ಕೊರಗಬೇಡಿ. ಆ ಜಾಗಕ್ಕೆ ರಕ್ತ ಸರಿಯಾಗಿ ಹರಿಯದಿರುವುದು, ಅಂಗಾಂಶದ ಸ್ಥಿತಿ, ಎಳೆತ ಇಂಥವು ಕಾರಣ, ಒಂದು ತುತ್ತು ಅನ್ನವಲ್ಲ. ನಿಮ್ಮ ಕೈಯಲ್ಲಿರುವುದು ಬೇಗ ಗುರುತಿಸುವುದು, ಅದೇ ಇಲ್ಲಿ ಜೀವ ಉಳಿಸುವ ಕೆಲಸ.

4. ತಕ್ಷಣ ಕರೆ ಮಾಡಬೇಕಾದ ಸಂದರ್ಭಗಳು

ಈ ಪಟ್ಟಿಯನ್ನು ಬರೆದು ಕಣ್ಣಿಗೆ ಬೀಳುವಲ್ಲಿ ಅಂಟಿಸಿ.

- 38 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಜ್ವರ, ಅಥವಾ ನಡುಕ.
- ವಿಶ್ರಾಂತಿಯಲ್ಲಿದ್ದರೂ ನಿಮಿಷಕ್ಕೆ 100 ದಾಟಿ ನಿಲ್ಲುವ ನಾಡಿ.
- ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಉಬ್ಬಿ ಬಿಗಿದ ಹೊಟ್ಟೆ.
- ನಿಲ್ಲದ ವಾಂತಿ, ಗಾಳಿಯೂ ಮಲವೂ ಹೋಗದಿರುವುದು.
- ಗಾಯದಿಂದ ಕೀವು, ಮಲದ ವಾಸನೆಯ ದ್ರವ, ಅಥವಾ ಗಾಯ ಬಿಟ್ಟುಕೊಳ್ಳುವುದು.
- ಗುದದ್ವಾರದಿಂದ ಹೆಪ್ಪುಹೆಪ್ಪಾಗಿ ರಕ್ತ. ಮೊದಲ ಒಂದೆರಡು ಮಲದಲ್ಲಿ ಸ್ವಲ್ಪ ಹಳೆಯ ಕಪ್ಪುರಕ್ತ ಬರುವುದು ಬೇರೆ ಮಾತು.
- ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುವುದು.
- ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಉಸಿರೆಳೆದಾಗ ಎದೆ ಚುಚ್ಚುವುದು. ಇದಕ್ಕೆ ಫೋನ್ ಮಾಡಿ ಕೂರಬೇಡಿ, ಆಂಬುಲೆನ್ಸ್ ಕರೆಯಿರಿ.

ಕೊನೆಯ ಎರಡು ರಕ್ತ ಹೆಪ್ಪುಗಟ್ಟಿದ್ದರ ಲಕ್ಷಣಗಳು. ಕ್ಯಾನ್ಸರ್ ಮತ್ತು ಹೊಟ್ಟೆಯ ದೊಡ್ಡ ಆಪರೇಷನ್ ಎರಡೂ ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯನ್ನು ಹೆಚ್ಚಿಸುತ್ತವೆ, ಆ ಅಪಾಯ ಮನೆಗೆ ಬಂದ ಮೇಲೂ ವಾರಗಟ್ಟಲೆ ಇರುತ್ತದೆ. ಅದಕ್ಕಾಗಿಯೇ ಅನೇಕರಿಗೆ ಒಟ್ಟು 28 ದಿನ ಹೆಪಾರಿನ್ ಚುಚ್ಚುಮದ್ದು ಬರೆದುಕೊಡುತ್ತಾರೆ. ನಡೆದಾಡುತ್ತಿದ್ದೇನಲ್ಲ ಎಂದು ಅದನ್ನು ಮಧ್ಯದಲ್ಲಿ ನಿಲ್ಲಿಸಬೇಡಿ. ಹೊಟ್ಟೆಯ ಕೊಬ್ಬನ್ನು ಚಿವುಟಿ ಹಿಡಿದು, ಹೊಕ್ಕುಳಿನಿಂದಲೂ ಗಾಯದಿಂದಲೂ ದೂರ, ಒಂದು ದಿನ ಎಡಕ್ಕೆ ಒಂದು ದಿನ ಬಲಕ್ಕೆ ಚುಚ್ಚಿಕೊಳ್ಳಬೇಕು. ಆಮೇಲೆ ತಿಕ್ಕಬಾರದು, ತಿಕ್ಕಿದರೆ ನೀಲಿಗಟ್ಟುತ್ತದೆ.

5. ಗಾಯದ ಆರೈಕೆ

ಸ್ನಾನಕ್ಕೆ ವೈದ್ಯರು ಒಪ್ಪಿದ ಮೇಲೆ ನೀರು ಹರಿಯಲು ಬಿಡಿ, ಉಜ್ಜಬೇಡಿ, ಸ್ವಚ್ಛ ಟವೆಲಿನಿಂದ ಒತ್ತಿ ಒಣಗಿಸಿ. ಪುಡಿ, ಎಣ್ಣೆ, ಲೇಪ ಯಾವುದೂ ಬೇಡ. ಗಾಯದ ಅಂಚು ಕೆಂಪೇರಿ ಬಿಸಿಯಾಗಿದ್ದರೆ ಕೆಂಪಿನ ಗಡಿಯನ್ನು ಪೆನ್ನಿನಿಂದ ಗುರುತು ಮಾಡಿ. ಗೆರೆ ದಾಟಿ ಹರಡಿದರೆ ತೋರಿಸಲು ಹೋಗಿ. ಸೋಂಕು ತಗುಲಿದ ಗಾಯದ ಕೆಲವು ಹೊಲಿಗೆಗಳನ್ನು ಬಿಚ್ಚಿ, ತೆರೆದೇ ಇಟ್ಟು ಒಳಗಿನಿಂದ ತುಂಬಿಬರಲು ಬಿಡುವುದು ಮಾಮೂಲಿ ಚಿಕಿತ್ಸೆ. ನೋಡಲು ಭಯವಾಗುತ್ತದೆ, ವಾರಗಳೂ ಹಿಡಿಯುತ್ತವೆ, ಆದರೆ ಗುಣವಾಗುತ್ತದೆ.

ಗುದದ್ವಾರವನ್ನೇ ತೆಗೆದು ಮುಚ್ಚಿದವರಿಗೆ ಕೆಳಗಿನ ಗಾಯ ಹೆಚ್ಚು ಕಾಡುತ್ತದೆ. ಒಂದೇ ಸಮನೆ ಕೂರಬೇಡಿ. ಮೆತ್ತನೆಯ ದಿಂಬು ಬಳಸಿ. ನಡುವೆ ತೂತಿರುವ ಉಂಗುರದಾಕಾರದ ದಿಂಬು ಗಾಯವನ್ನು ಎರಡೂ ಕಡೆಗೆ ಎಳೆಯುವುದರಿಂದ ಬೇಡ. ಇಲ್ಲದ ಗುದನಾಳದಲ್ಲಿ ಶೌಚದ ಒತ್ತಡ ಬಂದಂತೆ ಅನಿಸಬಹುದು. ಅದು ಭ್ರಮೆಯೂ ಅಲ್ಲ, ಕ್ಯಾನ್ಸರ್ ಮರಳಿದ್ದೂ ಆಗಬೇಕಿಲ್ಲ. ಕತ್ತರಿಸಿದ ನರಗಳ ಸಂಕೇತ.

6. ಊಟ

ಮೊದಲ ಕೆಲವು ವಾರ ಕಡಿಮೆ ನಾರಿನ, ಮೆತ್ತಗೆ ಬೆಂದ ಆಹಾರ. ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ. ಚೆನ್ನಾಗಿ ಅಗಿದು ತಿನ್ನಿ. ನಾಲ್ಕರಿಂದ ಆರು ವಾರದ ಮೇಲೆ ನಾರಿನ ಪದಾರ್ಥಗಳನ್ನು ಒಂದೊಂದಾಗಿ, ಎರಡು ಮೂರು ದಿನಕ್ಕೊಂದರಂತೆ ಮರಳಿ ಸೇರಿಸಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ. ಯಾವುದು ಒಗ್ಗಲಿಲ್ಲ ಎಂಬುದು ಆಗ ತಾನಾಗಿ ತಿಳಿಯುತ್ತದೆ. ಇವತ್ತು ಒಗ್ಗದ್ದನ್ನು ತಿಂಗಳು ಬಿಟ್ಟು ಮತ್ತೆ ಪ್ರಯತ್ನಿಸಿ.

ಪಥ್ಯದ ಹೆಸರಿನಲ್ಲಿ ರೋಗಿಯನ್ನು ಗಂಜಿಯ ಮೇಲೇ ಇಡುವ ಅಭ್ಯಾಸದ ಬಗ್ಗೆ ನನಗೆ ನಿಜವಾದ ಆತಂಕವಿದೆ. ಗಾಯ ಮಾಯಲು, ಕರಗಿದ ಸ್ನಾಯು ಮರಳಿ ಕಟ್ಟಲು ಪ್ರೋಟೀನ್ ಬೇಕೇಬೇಕು. ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಎಂದು ಪೌಷ್ಟಿಕತಜ್ಞರು ಹೇಳುತ್ತಾರೆ; 60 ಕಿಲೋ ತೂಕದವರಿಗೆ ಅದು 72ರಿಂದ 90 ಗ್ರಾಂ. ಮೊಟ್ಟೆ, ಮೊಸರು, ಮೀನು, ಸಿಪ್ಪೆ ತೆಗೆದು ಚೆನ್ನಾಗಿ ಬೇಯಿಸಿದ ಬೇಳೆ, ಪನೀರ್ ಇವುಗಳಲ್ಲಿ ಯಾವುದಾದರೊಂದು ಪ್ರತಿ ಸಣ್ಣ ಊಟದಲ್ಲೂ ಇರಲಿ. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ಪ್ರಮಾಣವನ್ನು ವೈದ್ಯರಿಂದ ತಿಳಿಯಬೇಕು.

7. ಬದಲಾದ ಶೌಚದ ಜೊತೆ ಬದುಕುವುದು

ಇದರ ಬಗ್ಗೆ ಬಹಳ ಕಡಿಮೆ ಜನ ಬಾಯಿಬಿಡುತ್ತಾರೆ, ಬಹಳ ಹೆಚ್ಚು ಜನ ನರಳುತ್ತಾರೆ.

ಬಲಭಾಗದ ಕರುಳು ತೆಗೆಸಿಕೊಂಡವರಲ್ಲಿ ಸಣ್ಣ ಕರುಳಿನ ಕೊನೆಯ ತುಂಡೂ ಹೋಗಿರುತ್ತದೆ. ಪಿತ್ತದ ಆಮ್ಲಗಳನ್ನು ಹೀರಿಕೊಳ್ಳುವ ಜಾಗ ಅದು. ಹೀರಿಕೊಳ್ಳದ ಪಿತ್ತ ದೊಡ್ಡ ಕರುಳಿಗಿಳಿದು ನೀರುಭೇದಿ ತರಿಸುತ್ತದೆ. ತಿಂಗಳುಗಟ್ಟಲೆ ಭೇದಿ ನಿಲ್ಲದಿದ್ದರೆ 'ಪಿತ್ತದ ಆಮ್ಲದಿಂದ ಆಗಿರಬಹುದೇ?' ಎಂದು ವೈದ್ಯರನ್ನು ಕೇಳಿ; ಅದಕ್ಕೆಂದೇ ಔಷಧಗಳಿವೆ. ವಿಟಮಿನ್ ಬಿ12 ಹೀರುವುದೂ ಅಲ್ಲಿಯೇ, ಹಾಗಾಗಿ ಅದನ್ನೂ ಪರೀಕ್ಷಿಸಿಕೊಳ್ಳಿ.

ಗುದನಾಳ ತೆಗೆಸಿಕೊಂಡವರ ಕಷ್ಟ ಬೇರೆ ಬಗೆಯದು. ಮಲವನ್ನು ಹಿಡಿದಿಡುತ್ತಿದ್ದ ಚೀಲವೇ ಈಗಿಲ್ಲ. ಒಮ್ಮೆ ಹೋಗಿ ಬಂದ ಹತ್ತು ನಿಮಿಷಕ್ಕೆ ಮತ್ತೆ ಹೋಗಬೇಕು, ಮತ್ತೆ ಸ್ವಲ್ಪವೇ, ಮತ್ತೆ. ತಡೆಯಲಾಗದ ಅವಸರ. ಗಾಳಿ ಎಂದುಕೊಂಡದ್ದು ಗಾಳಿಯಾಗಿರುವುದಿಲ್ಲ. ಇದನ್ನು ವೈದ್ಯರು ಲಾರ್ಸ್ ಎಂದು ಕರೆಯುತ್ತಾರೆ. 2012ರಲ್ಲಿ ಡೆನ್ಮಾರ್ಕಿನ ವೈದ್ಯರು ಇದನ್ನು ಅಳೆಯಲು ಐದು ಪ್ರಶ್ನೆಗಳ ಅಂಕಪಟ್ಟಿಯೊಂದನ್ನು ರೂಪಿಸಿದರು. ಒಟ್ಟು 42 ಅಂಕ; 20ರವರೆಗೆ ತೊಂದರೆಯಿಲ್ಲ, 21ರಿಂದ 29 ಸೌಮ್ಯ, 30 ಮತ್ತು ಮೇಲೆ ತೀವ್ರ. ನಿಮ್ಮ ಅಂಕ ಎಷ್ಟೆಂದು ವೈದ್ಯರ ಜೊತೆ ಕೂತು ನೋಡಿ. 'ಆಪರೇಷನ್ ಆದ ಮೇಲೆ ಹೀಗೆಯೇ' ಎಂದು ಯಾರಾದರೂ ಕೈಚೆಲ್ಲಿದರೆ ಒಪ್ಪಬೇಡಿ. ಮೊದಲ ವರ್ಷ, ಒಂದೂವರೆ ವರ್ಷದವರೆಗೆ ಇದು ಸುಧಾರಿಸುತ್ತಾ ಹೋಗುತ್ತದೆ, ಮತ್ತು ಮಾಡಬಹುದಾದದ್ದು ಬೇಕಾದಷ್ಟಿದೆ.

ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ಮೊದಲು ಊಟದ ಹೊತ್ತುಗಳನ್ನು ನಿಗದಿ ಮಾಡಿ, ಕಾಫಿ, ಖಾರ, ಜಿಡ್ಡು, ಮದ್ಯ ಕಡಿಮೆ ಮಾಡಿ. ಅದು ಸಾಲದಿದ್ದರೆ ಮಲವನ್ನು ಗಟ್ಟಿಗೊಳಿಸುವ ಇಸಬ್‌ಗೋಲ್‌ನಂಥ ನಾರು, ವೈದ್ಯರ ಸಲಹೆಯ ಮೇರೆಗೆ ಊಟಕ್ಕೆ ಅರ್ಧ ಗಂಟೆ ಮುಂಚೆ ಭೇದಿ ತಡೆಯುವ ಲೋಪೆರಮೈಡ್ ಮಾತ್ರೆ. ಜ್ವರದೊಂದಿಗೆ ಬಂದ ಹೊಸ ಭೇದಿಗೆ, ಅದರಲ್ಲೂ ಆ್ಯಂಟಿಬಯೋಟಿಕ್ ತೆಗೆದುಕೊಂಡ ಮೇಲೆ ಬಂದ ದುರ್ವಾಸನೆಯ ಭೇದಿಗೆ, ಲೋಪೆರಮೈಡ್ ನುಂಗದೆ ಮೊದಲು ಪರೀಕ್ಷೆ ಮಾಡಿಸಿ. ಮುಂದಿನದು ಶ್ರೋಣಿಯ ತಳದ ಸ್ನಾಯುಗಳ ವ್ಯಾಯಾಮ: ಗಾಳಿಯನ್ನು ತಡೆಯುವಂತೆ ಸ್ನಾಯುವನ್ನು ಒಳಗೆಳೆದು, ಐದು ಎಣಿಸಿ, ಸಡಿಲ ಬಿಡಿ, ಹತ್ತು ಸಲ, ದಿನಕ್ಕೆ ಮೂರು ಬಾರಿ. ಸರಿಯಾಗಿ ಮಾಡುತ್ತಿದ್ದೀರಾ ಎಂಬುದನ್ನು ಫಿಸಿಯೋಥೆರಪಿಸ್ಟ್ ಒಮ್ಮೆ ನೋಡಿದರೆ ಒಳ್ಳೆಯದು. ಇಷ್ಟಕ್ಕೂ ಬಗ್ಗದಿದ್ದರೆ ಗುದದ್ವಾರದ ಮೂಲಕ ಬೆಚ್ಚಗಿನ ನೀರು ಹಾಯಿಸಿ ಕರುಳನ್ನು ಖಾಲಿ ಮಾಡುವ ವಿಧಾನವಿದೆ, ಬೆನ್ನೆಲುಬಿನ ತಳದ ನರವನ್ನು ಪ್ರಚೋದಿಸುವ ಸಾಧನವಿದೆ. ಎಲ್ಲವೂ ವಿಫಲವಾದಾಗ ಶಾಶ್ವತ ಸ್ಟೋಮಾ ಆರಿಸಿಕೊಂಡು ನೆಮ್ಮದಿಯಾಗಿರುವವರಿದ್ದಾರೆ; ಅದನ್ನು ಸೋಲೆಂದು ಕರೆಯಲು ನನಗೆ ಮನಸ್ಸಿಲ್ಲ.

ಪದೇ ಪದೇ ಒರೆಸಿ ಚರ್ಮ ಕಿತ್ತುಹೋಗಿದ್ದರೆ ನೀರಿನಿಂದ ತೊಳೆದು, ಒತ್ತಿ ಒಣಗಿಸಿ, ಜಿಂಕ್ ಆಕ್ಸೈಡ್ ಇರುವ ಕ್ರೀಮ್ ತೆಳ್ಳಗೆ ಹಚ್ಚಿ. ಹೊರಗೆ ಹೋಗುವಾಗ ಒಂದು ಜೊತೆ ಒಳಉಡುಪು, ಪ್ಯಾಡ್, ಒದ್ದೆ ಟಿಶ್ಯೂ ಇರುವ ಪುಟ್ಟ ಚೀಲ ಜೊತೆಗಿರಲಿ.

8. ಸ್ಟೋಮಾ ಇದ್ದರೆ

ಆರೋಗ್ಯವಂತ ಸ್ಟೋಮಾ ತುಟಿಯ ಒಳಭಾಗದಂತೆ ಕೆಂಪಾಗಿ, ತೇವವಾಗಿರುತ್ತದೆ. ಮುಟ್ಟಿದರೆ ನೋವಿಲ್ಲ, ಒರೆಸುವಾಗ ಒಂದೆರಡು ಹನಿ ರಕ್ತ ಬರುವುದು ಸಾಮಾನ್ಯ. ನೇರಳೆಗಪ್ಪು ಬಣ್ಣಕ್ಕೆ ತಿರುಗಿದರೆ ಮಾತ್ರ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮೊದಲ ಆರೆಂಟು ವಾರದಲ್ಲಿ ಅದು ಕುಗ್ಗುವುದರಿಂದ ಪ್ರತಿ ವಾರ ಅಳತೆ ನೋಡಿ, ಚೀಲವನ್ನು ಚರ್ಮಕ್ಕೆ ಹಿಡಿಸುವ ಅಂಟುಫಲಕದ ತೂತನ್ನು ಸ್ಟೋಮಾಗಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಾಗಿ ಕತ್ತರಿಸಿ. ಚರ್ಮ ಸುಡುವುದಕ್ಕೆ ಬಹುಪಾಲು ಕಾರಣ ತೂತು ದೊಡ್ಡದಾಗಿರುವುದೇ. ಚೀಲ ಮೂರನೆಯ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ. ಸುತ್ತಲಿನ ಚರ್ಮವನ್ನು ಬೆಚ್ಚಗಿನ ನೀರಿನಿಂದ ತೊಳೆದು ಪೂರ್ತಿ ಒಣಗಿಸಿ. ಎಣ್ಣೆಯಂಶದ ಸಾಬೂನು, ಕ್ರೀಮು ಹಚ್ಚಿದರೆ ಫಲಕ ಅಂಟುವುದಿಲ್ಲ.

ತಾತ್ಕಾಲಿಕ ಸ್ಟೋಮಾ ಇರುವವರಿಗೆ ಕೆಳಗಿನ ಗುದದ್ವಾರದಿಂದಲೂ ಲೋಳೆ ಬರುತ್ತಿರುತ್ತದೆ. ಕೆಲಸವಿಲ್ಲದ ಕರುಳಿನ ಗೋಡೆಯೂ ಲೋಳೆ ಸ್ರವಿಸುತ್ತದೆ, ಅಷ್ಟೆ. ಗಾಬರಿ ಬೇಡ, ಕುಳಿತು ಮೆಲ್ಲಗೆ ಹೊರಹಾಕಿ.

ಸಣ್ಣ ಕರುಳಿನ ಸ್ಟೋಮಾ, ಅಂದರೆ ಇಲಿಯೋಸ್ಟೊಮಿ ಇದ್ದವರು ಆಸ್ಪತ್ರೆಗೆ ಮರಳುವ ಮುಖ್ಯ ಕಾರಣ ನಿರ್ಜಲೀಕರಣ. ದಿನಕ್ಕೆ ಸುಮಾರು 500ರಿಂದ 1000 ಮಿಲಿಲೀಟರ್ ಹೊರಬರುವುದು ಸರಿ. 1500 ದಾಟಿದರೆ ಎಚ್ಚರ, 2000 ದಾಟಿದರೆ ಅಪಾಯ. ಬಾಯಿ ಒಣಗುವುದು, ಎದ್ದಾಗ ತಲೆ ಸುತ್ತುವುದು, ಕಾಲು ಸೆಳೆತ, ಕಡುಹಳದಿ ಮೂತ್ರ, ಇವು ಸೂಚನೆಗಳು. ಇಲ್ಲಿ ಬರೀ ನೀರನ್ನು ಹೆಚ್ಚು ಹೆಚ್ಚು ಕುಡಿದರೆ ಪರಿಸ್ಥಿತಿ ಕೆಡುತ್ತದೆ. ಉಪ್ಪಿಲ್ಲದ ನೀರು ಸಣ್ಣ ಕರುಳಿಗೆ ಹೋದಾಗ ದೇಹದ ಉಪ್ಪನ್ನೇ ಒಳಕ್ಕೆ ಸೆಳೆದುಕೊಂಡು ಚೀಲಕ್ಕೆ ಬೀಳುತ್ತದೆ, ಕುಡಿದಷ್ಟೂ ಬಾಯಾರಿಕೆ. ಉಪ್ಪು ಮತ್ತು ಗ್ಲೂಕೋಸ್ ಜೊತೆಯಾದಾಗ ಕರುಳು ನೀರನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಹೆಸರಿನಲ್ಲಿ ಪ್ರಸಿದ್ಧವಾದ ದ್ರಾವಣವನ್ನು ಮನೆಯಲ್ಲೇ ಮಾಡಬಹುದು: ಒಂದು ಲೀಟರ್ ನೀರಿಗೆ 20 ಗ್ರಾಂ ಗ್ಲೂಕೋಸ್ ಪುಡಿ, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ತಣ್ಣಗೆ ಮಾಡಿ ಗುಟುಕು ಗುಟುಕಾಗಿ ದಿನವಿಡೀ ಕುಡಿಯಿರಿ. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇದ್ದವರು ಮೊದಲು ವೈದ್ಯರನ್ನು ಕೇಳಬೇಕು. ನಿಧಾನವಾಗಿ ಕರಗುವ ಮಾತ್ರೆಗಳು ಇಡಿಯಾಗಿ ಚೀಲಕ್ಕೆ ಬರುತ್ತಿದ್ದರೆ ಅದನ್ನೂ ಹೇಳಿ, ಮಾತ್ರೆ ಬದಲಿಸುತ್ತಾರೆ.

ಇಲಿಯೋಸ್ಟೊಮಿಯಿಂದ ಹಲವು ಗಂಟೆ ಏನೂ ಬರದೆ ಹೊಟ್ಟೆ ಸೆಳೆಯತೊಡಗಿದರೆ ಆಹಾರ ಅಡ್ಡ ಕಟ್ಟಿರಬಹುದು. ಕಾಯಿಬೀಜಗಳು, ಜೋಳದ ಕಾಳು, ಅಣಬೆ, ತೆಂಗಿನಕಾಯಿ, ನಾರು ತರಕಾರಿಗಳು ಸಾಮಾನ್ಯ ಕಾರಣ. ಹೀಗೆ ಮಾಡಿ:

1. ಗಟ್ಟಿ ಆಹಾರ ನಿಲ್ಲಿಸಿ. ವಾಂತಿ ಇಲ್ಲದಿದ್ದರೆ ಬೆಚ್ಚಗಿನ ಪಾನೀಯ ಗುಟುಕರಿಸಿ.
2. ಸ್ಟೋಮಾ ಊದಿದ್ದರೆ ತೂತು ದೊಡ್ಡದಿರುವ ಹೊಸ ಚೀಲ ಹಾಕಿ.
3. ಬೆಚ್ಚಗಿನ ನೀರಿನ ಸ್ನಾನ ಮಾಡಿ, ಸ್ಟೋಮಾದ ಸುತ್ತ ಮೃದುವಾಗಿ ನೀವಿ.
4. ಮಲಗಿ ಮಂಡಿಗಳನ್ನು ಎದೆಗೆಳೆದು ಅತ್ತಿತ್ತ ಹೊರಳಿ. ಎದ್ದು ಓಡಾಡಿ.
5. ವಾಂತಿ ಶುರುವಾದರೆ, ಅಥವಾ ನಾಲ್ಕರಿಂದ ಆರು ಗಂಟೆಯಾದರೂ ಬಿಡದಿದ್ದರೆ ಆಸ್ಪತ್ರೆಗೆ ಹೊರಡಿ. ಭೇದಿ ಮಾಡಿಸುವ ಮಾತ್ರೆ ತೆಗೆದುಕೊಳ್ಳಬೇಡಿ.

9. ಭಾರ, ವಾಹನ, ದಾಂಪತ್ಯ, ಮನಸ್ಸು

ಆರು ವಾರ ನಾಲ್ಕೈದು ಕಿಲೋಗಿಂತ ಹೆಚ್ಚು ಎತ್ತಬೇಡಿ. ಹೊಟ್ಟೆ ತೆರೆದು ಮಾಡಿದ ಆಪರೇಷನ್ ಆಗಿದ್ದರೆ ಮೂರು ತಿಂಗಳವರೆಗೂ ಜಾಗ್ರತೆ ಬೇಕು. ಹೊಲಿಗೆಯ ಜಾಗದಲ್ಲಿ ಅಥವಾ ಸ್ಟೋಮಾದ ಬದಿಯಲ್ಲಿ ಹರ್ನಿಯಾ ಆಗುವುದನ್ನು ತಪ್ಪಿಸಲು ಇದು. ಮೊಮ್ಮಗು ಕೈಚಾಚಿದರೆ ಕೂತುಕೊಂಡು ಮಡಿಲಿಗೆ ಕರೆಯಿರಿ. ತುರ್ತಾಗಿ ಬ್ರೇಕ್ ಒತ್ತುವಾಗ ನೋವಾಗದ ಸ್ಥಿತಿ ಬರುವವರೆಗೆ ವಾಹನ ಓಡಿಸಬೇಡಿ.

ಗುದನಾಳದ ಪಕ್ಕದಲ್ಲೇ ಮೂತ್ರಕೋಶಕ್ಕೂ ಜನನಾಂಗಕ್ಕೂ ಹೋಗುವ ನರಗಳಿವೆ. ಆಪರೇಷನ್ನಿನಲ್ಲಿ ಅವಕ್ಕೆ ಪೆಟ್ಟಾದರೆ ಮೂತ್ರ ಕಟ್ಟಬಹುದು, ಗಂಡಸರಲ್ಲಿ ನಿಮಿರುವಿಕೆ ಕುಂದಬಹುದು, ಹೆಂಗಸರಲ್ಲಿ ಯೋನಿ ಒಣಗಿ ಸಂಭೋಗ ನೋಯಬಹುದು. ಎಷ್ಟೋ ದಂಪತಿಗಳು ಇದನ್ನು ವರ್ಷಗಟ್ಟಲೆ ನುಂಗಿಕೊಂಡಿರುತ್ತಾರೆ. ಕ್ಯಾನ್ಸರ್‌ನಿಂದ ಬದುಕಿದ್ದೇ ಹೆಚ್ಚು, ಇದನ್ನೆಲ್ಲ ಕೇಳುವುದೇ ಎಂಬ ಹಿಂಜರಿಕೆ ಬೇಡ. ಮಾತ್ರೆ, ಕ್ರೀಮು, ಸಾಧನ, ಸಮಾಲೋಚನೆ ಎಲ್ಲವೂ ಇವೆ, ಬೇಗ ಕೇಳಿದಷ್ಟೂ ಒಳ್ಳೆಯದು.

ದಣಿವು ತಿಂಗಳುಗಟ್ಟಲೆ ಇರುತ್ತದೆ. ಚೆನ್ನಾಗಿರುವ ದಿನ ಎಲ್ಲ ಕೆಲಸ ಮುಗಿಸಿಬಿಡುವ ಆಸೆಯಾಗುತ್ತದೆ, ಮರುದಿನ ಮೇಲೇಳಲಾಗುವುದಿಲ್ಲ. ಚೆನ್ನಾಗಿದ್ದಾಗ ಸ್ವಲ್ಪ ಉಳಿಸಿ, ಸುಸ್ತಿದ್ದಾಗ ಸ್ವಲ್ಪವಾದರೂ ನಡೆಯಿರಿ. ಆದರೆ ಎರಡು ವಾರ ದಾಟಿದರೂ ಯಾವುದರಲ್ಲೂ ಆಸಕ್ತಿಯಿಲ್ಲ, ನಿದ್ದೆಯಿಲ್ಲ, ಬದುಕೇ ಬೇಡವೆನಿಸುತ್ತದೆ ಎಂದಾದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆಯಿದೆ. ಬದುಕು ಮುಗಿಸುವ ಯೋಚನೆ ಬಂದರೆ ಎರಡು ವಾರ ಕಾಯದೆ, ಆ ಕ್ಷಣವೇ ಪಕ್ಕದಲ್ಲಿರುವವರಿಗೂ ವೈದ್ಯರಿಗೂ ಹೇಳಿ.

10. ವರದಿ, ಕೀಮೋ, ಮುಂದಿನ ತಪಾಸಣೆ

ತೆಗೆದ ಭಾಗದ ಪೆಥಾಲಜಿ ವರದಿ ಬಂದ ಮೇಲೆ ಎರಡು ವಿಷಯ ಕೇಳಿ: ಎಷ್ಟು ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ಪರೀಕ್ಷಿಸಿದ್ದಾರೆ, ಎಷ್ಟರಲ್ಲಿ ಕ್ಯಾನ್ಸರ್ ಇತ್ತು? ಹಂತವನ್ನು ಭರವಸೆಯಿಂದ ಹೇಳಲು ಕನಿಷ್ಠ 12 ಗ್ರಂಥಿಗಳನ್ನಾದರೂ ನೋಡಿರಬೇಕು ಎಂಬುದು ರೂಢಿಯಲ್ಲಿರುವ ಮಾನದಂಡ. ಕೀಮೋ ಬೇಕೆಂದರೆ ಸಾಮಾನ್ಯವಾಗಿ ಆಪರೇಷನ್ ಆದ ಆರರಿಂದ ಎಂಟು ವಾರದೊಳಗೆ ಶುರುಮಾಡಲು ನೋಡುತ್ತಾರೆ. ತೊಡಕುಗಳಿಂದ ತಡವಾದರೆ ವೈದ್ಯರ ಜೊತೆ ಮುಕ್ತವಾಗಿ ಮಾತನಾಡಿ. ಇಲಿಯೋಸ್ಟೊಮಿ ಇದ್ದು ಕೀಮೋ ಪಡೆಯುವವರಿಗೆ ಭೇದಿ ಬಂದರೆ ನಿರ್ಜಲೀಕರಣ ಬಹಳ ಬೇಗ ಆಗುತ್ತದೆ, ಮೊದಲೇ ಯೋಜನೆ ಇರಲಿ. ತಾತ್ಕಾಲಿಕ ಸ್ಟೋಮಾವನ್ನು ಮುಚ್ಚುವುದು ಸಾಮಾನ್ಯವಾಗಿ ಮೂರು ತಿಂಗಳ ನಂತರ, ಕೀಮೋ ಇದ್ದರೆ ಅದು ಮುಗಿದ ಮೇಲೆ.

ವ್ಯಾಯಾಮದ ಬಗ್ಗೆ 2025ರಲ್ಲಿ ಒಂದು ಮಹತ್ವದ ಫಲಿತಾಂಶ ಬಂತು. ಚಾಲೆಂಜ್ ಎಂಬ ಅಧ್ಯಯನದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಮತ್ತು ಕೀಮೋ ಮುಗಿಸಿದ 889 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಮೂರು ವರ್ಷ ತರಬೇತುದಾರರ ನೆರವಿನಿಂದ ವ್ಯಾಯಾಮ ಮಾಡಿಸಿದರು, ಉಳಿದವರಿಗೆ ಮಾಹಿತಿ ಪುಸ್ತಿಕೆ ಕೊಟ್ಟರು. ಐದು ವರ್ಷದ ಹೊತ್ತಿಗೆ ಕ್ಯಾನ್ಸರ್ ಇಲ್ಲದೆ ಬದುಕಿದ್ದವರು ವ್ಯಾಯಾಮದ ಗುಂಪಿನಲ್ಲಿ ಸುಮಾರು ಶೇ 80, ಇನ್ನೊಂದರಲ್ಲಿ ಶೇ 74. ವಾರಕ್ಕೆ ಮೂರು ನಾಲ್ಕು ಸಲ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿರುಸಾಗಿ ನಡೆದರೆ ಆ ಪ್ರಮಾಣ ಹೆಚ್ಚುಕಡಿಮೆ ಸಿಗುತ್ತದೆ. ಆಸ್ಪತ್ರೆಯ ವರಾಂಡದಲ್ಲಿ ಶುರುವಾದ ನಡಿಗೆಯನ್ನು ಬಿಡದಿರಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ತಪಾಸಣೆಯ ದಿನಗಳನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ. ಮೊದಲ ಎರಡು ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಸಿಇಎ (ಕ್ಯಾನ್ಸರ್ ಮರಳಿದರೆ ಏರಬಹುದಾದ ಅಂಶ) ರಕ್ತಪರೀಕ್ಷೆ, ವೈದ್ಯರು ಹೇಳಿದ ಅಂತರದಲ್ಲಿ ಸಿಟಿ ಸ್ಕ್ಯಾನ್, ಆಪರೇಷನ್ ಆಗಿ ಒಂದು ವರ್ಷವಾದಾಗ ಕೊಲೊನೋಸ್ಕೋಪಿ (ಕ್ಯಾಮೆರಾ ನಳಿಕೆಯಿಂದ ದೊಡ್ಡ ಕರುಳನ್ನು ಒಳಗಿನಿಂದ ನೋಡುವುದು). ಗಡ್ಡೆ ಕರುಳನ್ನು ಅಡ್ಡಗಟ್ಟಿದ್ದರಿಂದ ಆಪರೇಷನ್‌ಗೆ ಮುನ್ನ ಪೂರ್ತಿ ಕೊಲೊನೋಸ್ಕೋಪಿ ಆಗಿರದಿದ್ದರೆ, ಕೆಲವೇ ತಿಂಗಳಲ್ಲಿ ಮಾಡಿಸಿಕೊಳ್ಳಬೇಕು. ಗಡ್ಡೆಗೆ ಎಂಎಂಆರ್ (ಡಿಎನ್‌ಎ ತಪ್ಪುಗಳನ್ನು ತಿದ್ದುವ ಪ್ರೋಟೀನ್‌ಗಳ) ಪರೀಕ್ಷೆ ಆಗಿದೆಯೇ ಎಂದೂ ಕೇಳಿ. ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ಕಾರಣದ ಸುಳಿವು ಸಿಗುವುದು ಅದರಿಂದ. ಸುಳಿವು ಸಿಕ್ಕರೂ ಸಿಗದಿದ್ದರೂ ನಿಮ್ಮ ಒಡಹುಟ್ಟಿದವರಿಗೂ ವಯಸ್ಸಿಗೆ ಬಂದ ಮಕ್ಕಳಿಗೂ ವಿಷಯ ತಿಳಿಸಿ, ಯಾವ ವಯಸ್ಸಿನಿಂದ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕೆಂದು ಅವರು ತಮ್ಮ ವೈದ್ಯರನ್ನು ಕೇಳಿಕೊಳ್ಳಲಿ.